ಸೊಂಟದ ಮಡಿಕೆಯೊಳಗೆ

ಮೂವತ್ತೆಂಟು ವರ್ಷಗಳ ಹಿಂದೆ ನಾನೇ ಹೊಲಿದುಕೊಟ್ಟಿದ್ದ ನೇರಳೆ ಕಿಮೋನೊವನ್ನು ಹಳೆಯ ಗಿರಾಕಿ ಇಶಿನೊ ಅಮ್ಮ ನನ್ನ ಚಾಪೆಯ ಮೇಲೆ ಹರಡಿದಾಗ ನನ್ನ ಕಣ್ಣು ಮೊದಲು ಹೋದದ್ದು ಅದರ ಸೊಂಟಕ್ಕೆ.

"ಮೊಮ್ಮಗಳು ಕಿಹೊ ಬಿದಿರಿನ ಥರ ಬೆಳೆದ್ಬಿಟ್ಟಿದಾಳೆ ಕಣೇ ಮಿಸಾವೊ. ಸೊಂಟದ ಮಡಿಕೆ ಬಿಚ್ಚಿ ನಾಲ್ಕು ಬೆರಳು ಉದ್ದ ಮಾಡು."

ಕಿಮೋನೊ ಹೊಲಿಯುವ ನಾವು ಹೆಚ್ಚಾದ ಬಟ್ಟೆಯನ್ನು ಕತ್ತರಿಸುವುದಿಲ್ಲ. ಮುಂದೆ ಉಡುವವರಿಗೆಂದು ಒಳಗೆ ಮಡಿಸಿ ಹೊಲಿಯುತ್ತೇವೆ. ಆ ಮಡಿಕೆಯೊಳಗೆ ನಾನು ನನ್ನ ತಪ್ಪನ್ನೂ ಸೇರಿಸಿ ಹೊಲಿದಿದ್ದೆ. ಆಗಿನ್ನೂ ಕೆಲಸ ಕಲಿಯುತ್ತಿದ್ದೆ. ಇಸ್ತ್ರಿಯನ್ನು ಒಂದು ಗಳಿಗೆ ಹೆಚ್ಚು ಇಟ್ಟು, ರೇಷ್ಮೆಯನ್ನು ಹೆಬ್ಬೆರಳಗಲ ಸುಟ್ಟಿದ್ದೆ. ಯಾರಿಗೂ ಹೇಳಿರಲಿಲ್ಲ.

"ಬಿಟ್ಟು ಹೋಗಿ ಅಮ್ಮ, ನಾಳಿದ್ದು ಕೊಡ್ತೀನಿ."

"ಮನೇಲಿ ನಂಗೇನ್ ಕೆಲ್ಸ? ಇಲ್ಲೇ ಕೂತಿರ್ತೀನಿ, ಬಿಚ್ಚು."

ಚಹಾ ಕೊಟ್ಟೆ; ಕುಡಿದು ಅಲ್ಲೇ ಕೂತರು. ಕನ್ನಡಕ ಸಿಗುತ್ತಿಲ್ಲವೆಂದೆ; ಅದು ನನ್ನ ತಲೆಯ ಮೇಲೇ ಇದೆಯೆಂದು, ಅಜ್ಜಿಯ ಜೊತೆ ಬಂದಿದ್ದ ಕಿಹೊ ನಕ್ಕಳು. ಬೇರೆ ದಾರಿ ಕಾಣದೆ ಮಡಿಕೆಯ ದಾರ ಬಿಚ್ಚತೊಡಗಿದೆ. ನಾಲ್ಕೈದು ಹೊಲಿಗೆ ಬಿಚ್ಚಿದ ಮೇಲೆ ಕಣ್ಣಿಗೆ ಬಿತ್ತು: ಇವು ನನ್ನ ಹೊಲಿಗೆಗಳೇ ಅಲ್ಲ. ದೊಡ್ಡವು, ಸೊಟ್ಟಪಟ್ಟ. ಒಳಗೆ, ಸುಟ್ಟ ಜಾಗವನ್ನು ಯಾರೋ ನೇರಳೆ ದಾರದಿಂದ ರಫು ಮಾಡಿದ್ದರು.

"ಒಗೆಯೋಕೆ ಹೊಲಿಗೆ ಬಿಚ್ಚಲೇಬೇಕಲ್ಲ, ನೀನು ಕೊಟ್ಟ ಮೂರನೇ ವರ್ಷ ನಾನೇ ಬಿಚ್ಚಿದ್ದೆ," ಎಂದರು ಇಶಿನೊ ಅಮ್ಮ, ಲೋಟ ಕೆಳಗಿಡುತ್ತಾ.

"ಮತ್ತೆ ಇಷ್ಟು ವರ್ಷ ಯಾಕೆ ಬೈಲಿಲ್ಲ?"

"ಬೈದಿದ್ರೆ ಅವತ್ತೇ ನಿನ್ನ ಭಯ ಬಿಟ್ಟೋಗ್ತಿತ್ತು. ಆಮೇಲೆ ನಮ್ಮನೆ ಬಟ್ಟೆಗಳನ್ನ ಇಷ್ಟು ಹೆದರ್ಕೊಂಡು, ಇಷ್ಟು ಚೆನ್ನಾಗಿ ಯಾರು ಹೊಲೀತಿದ್ರು?"