ಕನಕಮ್ಮನ ಕಾಲ್ಗಡಗಕ್ಕೆ ಮುನ್ನೂರು ವರ್ಷ

ನಮ್ಮಜ್ಜಿಯ ಕತೆಗಳಲ್ಲಿ ರಾಕ್ಷಸನ ಜೀವ ಏಳು ಕೆರೆಗಳ ಆಚೆ ಒಂದು ಗಿಳಿಯೊಳಗೆ ಇರುತ್ತಿತ್ತು. ಗಂಗಾವತಿಯ ಬೆಳ್ಳಿ ವ್ಯಾಪಾರಿ ಕರಿಬಸಪ್ಪನ ಜೀವ ಅಷ್ಟು ದೂರವೇನಿಲ್ಲ. ಕೌಂಟರಿನ ಮೇಲಿನ ತಕ್ಕಡಿಯಲ್ಲೇ ಇದೆ. ಅದರ ಅಂಕಿ ಇಳಿದಾಗೆಲ್ಲ ಆತನ ಮುಖಕ್ಕೆ ರಕ್ತ ಏರುತ್ತದೆ.

ಎರಡು ವರ್ಷದಿಂದ ಆ ಅಂಗಡಿಯಲ್ಲಿ ನನ್ನದು ಎರಡು ಕೆಲಸ. ಒಂದು, ಬೆಳ್ಳಿ ಒರೆಸುವುದು. ಇನ್ನೊಂದು, ಹಂಪಿ ನೋಡಿ ಹೊಳೆ ದಾಟಿ ಬರುವ ಪ್ರವಾಸಿಗರಿಗೆ ಹಳೆಯ ಒಡವೆಗಳ ಕತೆ ಹೇಳುವುದು. ನನ್ನ ಬಾಯಿಗೆ ತುತ್ತು ಹಾಕಲೆಂದು ಅಜ್ಜಿ ಕಟ್ಟಿದ ರಾಜಕುಮಾರಿಯರನ್ನೆಲ್ಲ ನಾನು ಇಲ್ಲಿ ರಸೀದಿಯ ಜೊತೆ ಕಟ್ಟಿಕೊಟ್ಟಿದ್ದೇನೆ.

ಅವತ್ತು ಮಧ್ಯಾಹ್ನ ಬಂದವಳು ಬೇವೂರಿನ ಕನಕಮ್ಮ. ಹದಿನೈದು ವರ್ಷದಿಂದ ರಾಜಾಬೀಯ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಹೆಂಗಸು. ರಾಜಾಬೀ ಖಾನಾವಳಿ ಮುಚ್ಚುತ್ತಿದ್ದಳು, ರೊಟ್ಟಿ ಮಾಡುವ ಮಷಿನ್ನು ಮಾರಾಟಕ್ಕಿತ್ತು. ಬೆಲೆ ನಲವತ್ತು ಸಾವಿರ. ಸಂಜೆಯೊಳಗೆ ರೊಕ್ಕ ತಂದರೆ ಕನಕಮ್ಮನಿಗೆ, ಇಲ್ಲವೆಂದರೆ ಕುಷ್ಟಗಿಯಿಂದ ಬರುವವನಿಗೆ. ಇದನ್ನೆಲ್ಲ ಆಕೆ ಕೂರುವ ಮೊದಲೇ ಹೇಳಿಬಿಟ್ಟಳು. ಕರಿಬಸಪ್ಪನಿಗೆ ಅಷ್ಟು ಸಾಕಾಯಿತು. ಅವಸರ ಇದ್ದವರ ಬೆಳ್ಳಿ ಆತನ ಕಣ್ಣಿಗೆ ಯಾವಾಗಲೂ ಕಪ್ಪೇ.

ಆಕೆ ಅಲ್ಲೇ ಕುಳಿತು, ಸಾಬೂನು ಹಚ್ಚಿ, ಕಾಲ್ಗಡಗ ಎರಡನ್ನೂ ಕಳಚಿ ಇಟ್ಟಳು. ತಕ್ಕಡಿ ನಾನೂರು ಗ್ರಾಂ ತೋರಿಸಿತು.

"ಒಳಗ ಅರಗು ತುಂಬ್ಯಾರ ಯವ್ವಾ. ಅರವತ್ತು ಗ್ರಾಂ ಅದ ಹೋತು."

"ನಮ್ಮತ್ತಿ ಕೊಳ್ಳುವಾಗ ಅದನ್ನೂ ಬೆಳ್ಳಿ ಅಂತ ತೂಗಿದ್ರಂತ್ರಿ ಸಾವ್ಕಾರ್ರ."

"ಕೊಟ್ಟಾಂವ ನಾನಲ್ಲಲ್ಲ?"

ಕೊಟ್ಟವನು ಆತನ ಅಪ್ಪ. ಗೋಡೆಯ ಮೇಲೆ ಹಾರ ಹಾಕಿಸಿಕೊಂಡು, ಏನೂ ಕೇಳಿಸದವನಂತೆ ಕುಳಿತಿದ್ದ.

ಆಮೇಲೆ ಒರೆಗಲ್ಲು ಬಂತು. ಶುದ್ಧಿ ಅಳೆಯುವ ಮಷಿನ್ನು ಎರಡೇ ಅಂಗಡಿ ಆಚೆಗಿದೆ, ಆದರೆ ಮಷಿನ್ನಿಗೆ ದಾಕ್ಷಿಣ್ಯ ಇರುವುದಿಲ್ಲ. ಕಲ್ಲು ಮಾಲಕನ ಮಾತು ಕೇಳುತ್ತದೆ. ಕಲ್ಲು, ನೂರಕ್ಕೆ ಎಪ್ಪತ್ತೇ ಅಸಲು ಬೆಳ್ಳಿ ಅಂದಿತು. ಉಳಿದದ್ದು ಇನ್ನೂರಾ ಮೂವತ್ತೆಂಟು ಗ್ರಾಂ. ಕರಗಿಸುವಾಗ ಸುಟ್ಟುಹೋಗುವುದಕ್ಕೆ ಇನ್ನೆಂಟು ಗ್ರಾಂ ಕಡಿತ. ಪೇಟೆಯಲ್ಲಿ ಗ್ರಾಮಿಗೆ ನೂರೈವತ್ತು ನಡೆದಿತ್ತು, ಹಳೆ ಮಾಲೆಂದು ನೂರಾ ನಲವತ್ತು. ಎಲ್ಲ ಸೇರಿ ಮೂವತ್ತೆರಡು ಸಾವಿರದ ಇನ್ನೂರು.

"ಎಂಟು ಸಾವಿರ ಕಡಿಮಿ ಬೀಳ್ತೈತ್ರೀ..."

"ಈಗಿನ ಹುಡುಗ್ಯಾರು ಇಂಥಾವು ಹಾಕ್ಕೋತಾರೇನ ಯವ್ವಾ? ಮೂಸಿಗೆ ಹಾಕಿ ಕರಗಸೂದ ಇದು. ನಿನ್ನ ಮುಖ ನೋಡಿ ತಗೋಳಾಕತ್ತೀನಿ."

ಆಕೆ ಸೆರಗಿನಿಂದ ಬೆವರು ಒರೆಸಿಕೊಂಡಳು. ಕಡಗ ಇದ್ದ ಕಡೆ ಕಾಲಿನ ಚರ್ಮ ಬೆಳ್ಳಗೆ, ಮೆತ್ತಗೆ ಕಾಣುತ್ತಿತ್ತು. ನಾನು ಬೆಳ್ಳಿ ಬಟ್ಟಲು ಒರೆಸುತ್ತಲೇ ಇದ್ದೆ. ಸಂಬಳ ತಗೊಳ್ಳುವ ಕೈ ಅದು.

ಆಗಲೇ ಪುಣೆಯ ಗಂಡ ಹೆಂಡತಿ ಒಳಗೆ ಬಂದರು. ಹೆಂಡತಿಯ ಕೊರಳಲ್ಲಿ ಕ್ಯಾಮೆರಾ, ಕಣ್ಣಲ್ಲಿ ಖರ್ಚು ಮಾಡುವ ಆತುರ. ಕರಿಬಸಪ್ಪನಿಗೆ ತಾಳ್ಮೆ ಎಲ್ಲಿಂದ ಬರಬೇಕು? ಇನ್ನೂ ರೊಕ್ಕ ಕೊಡದ ಕಡಗವನ್ನೇ ಎತ್ತಿ ಹಿಡಿದು ಹಿಂದಿಯಲ್ಲಿ ಶುರುಮಾಡಿದ. ರೊಟ್ಟಿ ಬಡಿಯುವವಳಿಗೆ ಹಿಂದಿ ಎಲ್ಲಿ ತಿಳಿಯುತ್ತದೆ ಎಂಬ ಧೈರ್ಯ ಆತನದು. ಇವು ಆನೆಗೊಂದಿಯ ಅರಮನೆಯಲ್ಲಿ ಕುಣಿಯುತ್ತಿದ್ದವಳ ಕಡಗವಂತೆ. ಮುನ್ನೂರು ವರ್ಷ ಹಳೆಯವಂತೆ. ತೊಂಬತ್ತು ಸಾವಿರವಂತೆ.

"ಶಾಂಭವಿ, ಆಕಿ ಕತಿ ಹೇಳು ಇವ್ರಿಗೆ."

ನಾನು ಬಾಯಿ ತೆರೆಯುವ ಮೊದಲೇ ಕನಕಮ್ಮ ಎದ್ದಳು.

"ಝೂಟ್ ನಕ್ಕೋ ಬೋಲೋ ಸೇಟ್‌ಜೀ. ಯೇ ಮೇರೇ ಪಾಂವ್ ಕೇ ಹೈಂ."

ಸುಳ್ಳು ಹೇಳಬೇಡಿ, ಇವು ನನ್ನ ಕಾಲಿನವು ಅಂದಳು. ಹದಿನೈದು ವರ್ಷ ಉರ್ದು ಮಾತಾಡುವ ರಾಜಾಬೀಯ ಒಲೆಯ ಮುಂದೆ ಕುಳಿತವಳಿಗೆ ಆ ಮಾತನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಕರಿಬಸಪ್ಪ ಕೆಮ್ಮಿದ. ಕೆಮ್ಮು ಬಂದಿರಲಿಲ್ಲ.

"ಅರಮನ್ಯಾಗ ಕುಣಿದಾಕಿ ನಾನ ಏನ್ರಿ?" ಈಗ ಕನ್ನಡದಲ್ಲಿ ಕೇಳಿದಳು. "ಮುನ್ನೂರು ವರ್ಷ ಆತಂದ್ರ ಮಣಕಾಲು ನೋಯೂದು ಬರೋಬ್ಬರಿ ಐತಿ ಬಿಡ್ರಿ."

"ಯವ್ವಾ, ಧಂದೇದಾಗ ಹಂಗ ಒಂದ್ ಮಾತು..."

"ಕರಗಸಂಗಿಲ್ಲ ಅಂದಮ್ಯಾಲ ಸುಟ್ಟ ಕಡಿತ ಯಾಕ? ಅರಗು ತಗಿಯಂಗಿಲ್ಲ ಅಂದಮ್ಯಾಲ ಅದನ್ನೂ ತೂಗ್ರಿ. ಅರಮನಿದು ಅಂದಮ್ಯಾಲ ಕಲ್ಲಿನ ಮಾತೂ ಬ್ಯಾಡ. ನಾನೂರು ಗ್ರಾಂ, ನೂರೈವತ್ತು ರೂಪಾಯಿ. ಅರವತ್ತು ಸಾವಿರ."

"ನಲವತ್ತಕ್ಕ ಬಂದಾಕಿ ನೀನು!"

"ಕರಗಸ್ತಾರಂತ ನಂಬಿ ಬಂದಿದ್ದೆ."

ನಲವತ್ತೈದು ಅಂದ. ಆಕೆ ಕಡಗ ಕಸಿದುಕೊಂಡು, ಬಲಗಾಲಿಗೆ ಒಂದನ್ನು ಏರಿಸುತ್ತಾ ಪುಣೆಯ ಹೆಣ್ಣುಮಗಳ ಕಡೆ ತಿರುಗಿ, ಮತ್ತೆ ಹಿಂದಿಯಲ್ಲಿ, ಇವು ತನ್ನ ಅತ್ತೆ ತೊಟ್ಟವು, ಬೇಕಿದ್ದರೆ ತನ್ನಿಂದಲೇ ಕೊಳ್ಳಬಹುದು ಎಂದಳು.

ಆ ಮಹಾತಾಯಿ ಗಂಡನ ಮುಖ ನೋಡಿದಳು. ರಸೀದಿ ಇಲ್ಲದೆ, ಪೆಟ್ಟಿಗೆ ಇಲ್ಲದೆ, ಬೆವರಿದ ಹೆಂಗಸಿನ ಕಾಲಿಂದ ಕೊಂಡರೆ ಪುಣೆಯಲ್ಲಿ ಯಾರಿಗೆ ತೋರಿಸುವುದು? ಅತ್ತೆಗಿಂತ ಮೊದಲು ಇವು ಅರಮನೆಯಲ್ಲಿ ಇದ್ದಿರಬಹುದಲ್ಲವೇ ಎಂದು ಕರಿಬಸಪ್ಪನನ್ನೇ ಕೇಳಿದಳು. ಇದ್ದಿರಬಹುದು, ಖಂಡಿತ ಇದ್ದಿರಬಹುದು ಎಂದು ಆತ ತಲೆಯಾಡಿಸಿದ. ನಿಜವನ್ನು ಕಿವಿಯಾರೆ ಕೇಳಿಯೂ ತೊಂಬತ್ತು ಸಾವಿರದ ಸುಳ್ಳಿಗೇ ಕಾರ್ಡು ತೆಗೆದವರನ್ನು ನಾನು ಅಜ್ಜಿಯ ಯಾವ ಕತೆಯಲ್ಲೂ ಕಂಡಿರಲಿಲ್ಲ.

ಕಡಗ ಮಾತ್ರ ಇನ್ನೂ ಕನಕಮ್ಮನ ಬಳಿಯೇ ಇತ್ತು. ಕರಿಬಸಪ್ಪ ಗಲ್ಲಾ ತೆಗೆದು ಐನೂರರ ನೋಟುಗಳನ್ನು ಎಣಿಸಿದ. ಅರವತ್ತು ಸಾವಿರ. ನಿಂತ ಜಾಗದಲ್ಲೇ ಮೂವತ್ತು ಸಾವಿರ ಗಳಿಸುತ್ತಿದ್ದವನ ಮುಖ ಮನೆ ಲೂಟಿಯಾದವನ ಹಾಗಿತ್ತು. "ಚಾ ಕುಡೀರಿ ಯಕ್ಕಾ" ಅಂದ. ಯವ್ವ ಹೋಗಿ ಯಕ್ಕ ಆಗಿದ್ದಳು.

"ನಿಮ್ಮ ಚಾದ್ದು ಏನು ಕಡಿತ ಐತೋ, ಬ್ಯಾಡ" ಎಂದು ಆಕೆ ಕಡಗ ಕೊಟ್ಟು, ನೋಟನ್ನು ಎರಡು ಸಲ ಎಣಿಸಿ ಕುಪ್ಪಸದೊಳಗೆ ಇಟ್ಟುಕೊಂಡಳು.

"ಹೇಳ ಶಾಂಭವಿ," ಕರಿಬಸಪ್ಪ ನನ್ನತ್ತ ಹಲ್ಲು ಕಡಿದ, "ಕುಣಿಯಾಕಿ ಹೆಸರೇನು?"

"ನೀವ ಹೇಳ್ರಿ. ನಿಮಗ ಛಲೋ ಬರ್ತೈತಿ" ಎಂದು ಒರೆಸುವ ಬಟ್ಟೆಯನ್ನು ಕೌಂಟರಿನ ಮೇಲಿಟ್ಟು ಹೊರಗೆ ಬಂದೆ.

ಕನಕಮ್ಮ ಬರಿಗಾಲಲ್ಲಿ ಮೆಟ್ಟಿಲ ಮೇಲೆ ನಿಂತು, ಬೀದಿಗೆಲ್ಲ ಕೇಳುವಂತೆ ಫೋನಿನಲ್ಲಿ ಕೂಗುತ್ತಿದ್ದಳು: "ರಾಜಾಬೀ, ಕುಷ್ಟಗ್ಯಾಂವಗ ಬರಬ್ಯಾಡ ಅನ್ನು. ರೊಕ್ಕ ತರಾಕತ್ತೀನಿ. ಮೊದ್ಲ ನನ್ನ ಮುಂದ ಮಷಿನ್ ಚಾಲೂ ಮಾಡಿ ನೂರು ರೊಟ್ಟಿ ತಗದು ತೋರಸು. ನೂರಂದ್ರ ನೂರು. ಎಣಸ್ತೀನಿ!"