ಏಳನೆಯ ಬಾಗಿಲು ಮತ್ತು ಒಂದು ದಿನದ ಮುಯ್ಯಿ

ಬೆಟ್ಟಗಳು ಮಾತಾಡುವುದನ್ನು ಬಿಟ್ಟು ಇನ್ನೂ ಬಹಳ ಕಾಲವಾಗಿರಲಿಲ್ಲ. ಕೆರೆಗಳು ಮಾತ್ರ ಮೊದಲಿನಂತೆಯೇ ಕಿವಿಗೊಟ್ಟು ಕೇಳುತ್ತಿದ್ದವು. ಅಂಥ ಕಾಲದಲ್ಲಿ ಕೋಲಾರದ ಸೀಮೆಯಲ್ಲಿ, ಹುತ್ತೂರಿಗೆ ಕೂಗಳತೆಯ ಹಳ್ಳಿಯೊಂದರಲ್ಲಿ, ಏಳು ಬಾಗಿಲಿನ ಕಥೆಯೊಂದನ್ನು ಹೊಟ್ಟೆಯೊಳಗೆ ಇಟ್ಟುಕೊಂಡ ಮುದುಕಿಯೊಬ್ಬಳಿದ್ದಳು. ಅವಳೇ ಆವಲಮ್ಮ.

ಕಥೆ ಅವಳದಲ್ಲ, ಅವಳ ಅತ್ತೆ ದೊಡ್ಡವೆಂಕಟಮ್ಮನದು. ಅರ್ಧ ತೆಲುಗು, ಅರ್ಧ ಕನ್ನಡ. ಅಳುವ ಕಡೆ ತೆಲುಗು, ಬೈಯುವ ಕಡೆ ಕನ್ನಡ. ಉಪ್ಪು ತರಲು ಹೋಗಿ ಏಳು ಬಾಗಿಲುಗಳ ಆಚೆ ಕಳೆದುಹೋದ ಅಣ್ಣನನ್ನು ಹುಡುಕಿಕೊಂಡು ಹೊರಟ ತಂಗಿಯ ಕಥೆ. ಒಂದು ಸಲ ಕೂತಾಗ ಒಂದೇ ಬಾಗಿಲು ಹೇಳಬೇಕು. ಏಳೂ ಬಾಗಿಲನ್ನು ಒಂದೇ ಜೋಡಿ ಕಿವಿ ಕೇಳಬೇಕು. ನಡುವೆ ಕೇಳುವವರು ತಪ್ಪಿಹೋದರೆ ತಂಗಿ ಮತ್ತೆ ಮೊದಲ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಸಾಯುವ ಮುಂಚೆ ಅತ್ತೆ ಸೊಸೆಯ ಕೈ ಹಿಡಿದು, "ಇದನ್ನ ನಿನ್ನ ಜೊತೆ ಮಣ್ಣಿಗೆ ಹಾಕ್ಬೇಡ ಕಣೇ, ಯಾರಿಗಾದ್ರೂ ಪೂರ್ತಿ ದಾಟಿಸು" ಎಂದಿದ್ದಳು. ಆವಲಮ್ಮ ಮಾತು ಕೊಟ್ಟಿದ್ದಳು.

ಮಾತು ಕೊಟ್ಟು ಇಪ್ಪತ್ತು ವರ್ಷವಾಗಿತ್ತು. ಮಗ ಕದಿರಪ್ಪ ಮೊದಲ ಬಾಗಿಲಿನಲ್ಲೇ ಎತ್ತಿಗೆ ನೀರು ಕುಡಿಸುವ ನೆಪ ಮಾಡಿ ಏಳುತ್ತಿದ್ದ. ಸೊಸೆ ಮುನಿಯಲ್ಲಮ್ಮ ಎರಡನೆಯ ಬಾಗಿಲಿನಲ್ಲಿ ಗೊರಕೆ ಹೊಡೆಯುತ್ತಿದ್ದಳು. "ಆ ಹುಡ್ಗಿ ಇನ್ನೂ ಬಾಗ್ಲು ಬಡೀತಾ ನಿಂತವಳೆ, ನೀನಾಗ್ಲೇ ಊರೇ ದಾಟ್ಬಿಟ್ಟೆಯಲ್ಲೇ!" ಎಂದು ಆವಲಮ್ಮ ಅವಳ ತೊಡೆಗೆ ಚಿವುಟಿ ಎಬ್ಬಿಸುತ್ತಿದ್ದಳು. ಎದ್ದವಳು ಒಲೆಯ ಕಡೆ ನಡೆಯುತ್ತಿದ್ದಳು. ಕಥೆ ಹಾಗೇ ಉಳಿಯುತ್ತಿತ್ತು.

ಹೀಗಿರುವಾಗ, ಒಂದು ಬುಧವಾರ, ಎಸ್ತರಮ್ಮ ಬಂದಳು. ಬಿಳಿ ಸೀರೆ, ಬರಿ ಹಣೆ, ಬಗಲಲ್ಲಿ ಚೀಲ. ಮನೆಮನೆಗೆ ಹೋಗಿ ಯೇಸುವಿನ ಕಥೆ ಹೇಳಲು ಕೋಲಾರದ ಮಿಷನ್ನಿನವರು ನೇಮಿಸಿದ್ದ ಹೆಂಗಸು, ವಾಸ ಹುತ್ತೂರಿನಲ್ಲೇ. ಉಳಿದ ಮನೆಗಳವರು ಬಾಗಿಲು ಮುಂದೆ ಮಾಡಿಕೊಂಡರು. ಆವಲಮ್ಮ ಮಾತ್ರ ಜಗಲಿಯ ಮೇಲೆ ಚಾಪೆ ಹಾಸಿದಳು.

"ನಿನ್ನ ಕಥೆ ಹೇಳು, ಕೇಳ್ತೀನಿ. ಆಮೇಲೆ ನನ್ನದು ನೀನು ಕೇಳ್ಬೇಕು. ಕಥೆಗೆ ಕಥೆ. ಅದ್ರ ಮೇಲೆ ಇನ್ನೊಂದು ಕೇಳಂಗಿಲ್ಲ."

"ಇನ್ನೊಂದು ಅಂದ್ರೆ ಏನು ದೊಡ್ಡಮ್ಮ?"

"ಏನೂ ಅರೀದೋಳ ಥರ ಆಡ್ತೀಯಲ್ಲ! ನಮ್ಮ ಕಡೆ ಬಂದ್ಬಿಡು ಅನ್ನೋದು."

ಎಸ್ತರಮ್ಮ ನಕ್ಕಳು. "ನಮ್ಮವ್ವ ತಾನಾಗೇ ಕೇಳಿ, ತಾನಾಗೇ ಹೋದೋಳು. ಯಾರೂ ಕೈ ಹಿಡಿದು ಎಳೀಲಿಲ್ಲ. ಅದು ನಂಗೆ ಹೆಮ್ಮೆ. ಆ ವಿಚಾರ ಬೇಕಾದೋರು ಭಾನುವಾರ ಕೋಲಾರದ ಚರ್ಚಿಗೆ ಬರ್ಲಿ, ಮುಚ್ಚುಮರೆ ಇಲ್ದೆ ಹೇಳ್ತೀನಿ. ಈ ಜಗಲಿ ಮೇಲೆ ಬರೀ ಕಥೆ. ಮಾತು ಕೊಟ್ಟೆ."

ಆರು ಬುಧವಾರ ಹೀಗೆ ನಡೆಯಿತು. ಎಸ್ತರಮ್ಮ ನಿದ್ದೆ ಮಾಡಲಿಲ್ಲ, ಆಕಳಿಸಲೂ ಇಲ್ಲ. ಮೂರನೆಯ ಬಾಗಿಲಿನ ಇರುವೆ ರಾಜನಿಗೆ ಅವಳು ಬೈದ ಬೈಗುಳ ಕೇಳಿ ಆವಲಮ್ಮನಿಗೆ ಎದೆ ತುಂಬಿಬಂತು. ಪ್ರತಿಯಾಗಿ ಎಸ್ತರಮ್ಮ, ಗಂಡ ಸತ್ತ ಮೇಲೂ ಅತ್ತೆಯನ್ನು ಬಿಡದೆ ಪರದೇಶಕ್ಕೆ ನಡೆದ ಸೊಸೆಯ ಕಥೆ ಹೇಳಿದಾಗ ಆವಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅತ್ತೆ ಹೋಗು ಹೋಗು ಅಂತವಳೆ, ಇವಳು ಬಿಡಾಕಿಲ್ಲ ಅಂತವಳೆ! ನಮ್ಮ ಮುನಿಯಲ್ಲೀನೂ ಒಂದ್ಸಲ ಕೂರ್ಸಿ ಕೇಳ್ಸು ಮಾರಾಯ್ತಿ."

ಆ ನಡುವೆ ಎಸ್ತರಮ್ಮನ ಮನೆಯ ಮಣ್ಣುಗೋಡೆ ಕುಸಿಯಿತು. ಆವಲಮ್ಮ ಹುತ್ತೂರಿಗೆ ಹೋಗಿ ಒಂದು ಹಗಲು ಪೂರ್ತಿ ಗೋಡೆ ಮೆತ್ತಿ ಬಂದಳು. ಅದು ಮುಯ್ಯಿ: ಒಂದು ದಿನ ದುಡಿದವರಿಗೆ ಒಂದು ದಿನ ದುಡಿದು ತೀರಿಸಬೇಕು, ಹೆಚ್ಚಿಲ್ಲ, ಕಮ್ಮಿಯಿಲ್ಲ. ನಾಟಿಗೂ ಕಟಾವಿಗೂ ಸೀಮೆಯೆಲ್ಲ ನಡೆಯುತ್ತಿದ್ದುದು ಹೀಗೆಯೇ.

ಏಳನೆಯ ಬುಧವಾರ ಬೆಳಗ್ಗೆ ಆವಲಮ್ಮನ ರೇಷ್ಮೆಹುಳುಗಳು ಹಣ್ಣಾದವು. ಮೈಯೆಲ್ಲ ಹೊಂಬಣ್ಣಕ್ಕೆ ತಿರುಗಿ, ಸೊಪ್ಪು ಬಿಟ್ಟು, ತಲೆಯೆತ್ತಿ ನೂಲು ಬಿಡಲು ಜಾಗ ಹುಡುಕತೊಡಗಿದವು. ಒಂದೊಂದನ್ನೇ ಆರಿಸಿ ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ಗೂಡು ಕಟ್ಟುವುದು ಅದರಲ್ಲೇ. ಹುಳು ನಾಳೆಯವರೆಗೆ ಕಾಯುವುದಿಲ್ಲ. ಮುನಿಯಲ್ಲಮ್ಮ ಹೆರಿಗೆಗೆಂದು ಶ್ರೀನಿವಾಸಪುರದ ತವರಿಗೆ ಹೋಗಿದ್ದಳು. ಕದಿರಪ್ಪ ಚಳಿಜ್ವರದಲ್ಲಿ ಕಂಬಳಿ ಹೊದ್ದು ನಡುಗುತ್ತಿದ್ದ.

ಎಸ್ತರಮ್ಮ ಬಂದವಳೇ ಸ್ಥಿತಿ ನೋಡಿ ಚೀಲ ಕೆಳಗಿಟ್ಟಳು. "ನನ್ನ ಮುಯ್ಯಿ ಒಂದು ಬಾಕಿ ಅದೆ ದೊಡ್ಡಮ್ಮ. ಇವತ್ತು ತೀರಿಸ್ತೀನಿ. ಕೈ ಕೆಲಸ ಮಾಡ್ಲಿ, ಕಿವಿ ಕಥೆ ಕೇಳ್ಲಿ."

"ಕಾಲು ತೊಳ್ಕೊಂಡು ಒಳಗೆ ಬಾ" ಎಂದಳು ಆವಲಮ್ಮ.

ಆ ಒಂದು ಮಾತು ಊರನ್ನೇ ಎಬ್ಬಿಸಿತು. ಹಣ್ಣಾದ ಹುಳುವಿರುವ ಮನೆಗೆ ಮನೆಯವರಲ್ಲದೆ ಬೇರೆ ಯಾರೂ ಕಾಲಿಡುವಂತಿರಲಿಲ್ಲ. ಪರರ ಕಾಲು ಸೋಕಿದರೆ ಹುಳು ಗೂಡು ಕಟ್ಟದೆ ಸಾಯುತ್ತದೆಂದು ನಂಬಿಕೆ. ಸ್ವಂತ ಅಣ್ಣತಮ್ಮಂದಿರೂ ಸೊಪ್ಪಿನ ಹೊರೆಯನ್ನು ಹೊಸಿಲ ಮೇಲಿಟ್ಟು ಹೋಗುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಪಟೇಲ ಗಂಗುಲಪ್ಪ ಜಗಲಿಯ ಮುಂದೆ ನಿಂತಿದ್ದ. ಅದೇ ಹೊತ್ತಿಗೆ ಕೋಲಾರದಿಂದ ಸೈಕಲ್ಲು ತುಳಿದುಕೊಂಡು, ಎಸ್ತರಮ್ಮನ ಕೆಲಸ ನೋಡಿಕೊಳ್ಳುವ ಉಪದೇಶಿ ಸಮುವೇಲಪ್ಪನೂ ಬಂದಿಳಿದ.

"ಅಕ್ಕಯ್ಯ, ಆಚೆ ಬಾ!" ಗಂಗುಲಪ್ಪ ಕೂಗಿದ. "ಹುಳುಮನೆಗೆ ಮನೆಯೋರು ಬಿಟ್ಟು ಯಾರು ಹೋಗ್ತಾರೆ? ಆ ಯಮ್ಮ ಒಳಗವಳೆ ಅಂದ್ರೆ ನೀನು ಅವರ ಕಡೆ ಸೇರ್ದಂಗೇ."

ಉಪದೇಶಿಯ ಮುಖ ಅರಳಿತು. "ನಾನೂ ಮುಳಬಾಗಿಲಿನ ಕಡೆ ರೇಷ್ಮೆ ಮನೆಯಲ್ಲೇ ಹುಟ್ಟಿದವನು. ಪಟೇಲರ ಮಾತು ನಿಜ. ನಮ್ಮವಳನ್ನು ಒಳಗೆ ಕರೆದುಕೊಂಡಿರಿ ಅಂದ ಮೇಲೆ ತಾವು ನಮ್ಮವರೇ ಆದಿರಿ ದೊಡ್ಡಮ್ಮನವರೇ. ಹೆಸರು ಬರೆದುಕೊಂಡೇ ಬಿಟ್ಟೆ." ಅವನು ಕಿಸೆಯಿಂದ ಪುಸ್ತಕ ತೆಗೆದು ಬರೆದೂಬಿಟ್ಟ.

ಆವಲಮ್ಮ ಹೊಸಿಲ ಮೇಲೆ ಬಂದು ನಿಂತಳು. ಅಂಗೈಯಲ್ಲಿ ಹೊಂಬಣ್ಣದ ಹುಳುವೊಂದು ತಲೆಯಾಡಿಸುತ್ತಿತ್ತು.

"ಇಬ್ರೂ ಚೆನ್ನಾಗಿ ಮಾತಾಡ್ಕೊಂಡು ಬಂದಂಗೆ ಒಂದೇ ತಪ್ಪು ಮಾಡ್ತಿದ್ದೀರಲ್ಲಪ್ಪ! ಎಸ್ತರಮ್ಮ ಒಳಗೆ ಬಂದಿದ್ದು ಮುಯ್ಯಾಳಾಗಿ. ಕೆಲಸ ಎಲ್ಲದೆಯೋ ಮುಯ್ಯಾಳು ಅಲ್ಲಿ. ಹುಳ ಸಾಯ್ತವೆ ಅಂತೀಯಲ್ಲ ಗಂಗುಲ, ಅಗೋ, ಬೆಳಗ್ಗೆ ಅವಳು ಹುಳ ಬಿಟ್ಟಿದ್ದ ಚಂದ್ರಿಕೆ ನೋಡು."

ಚಪ್ಪರದ ನೆರಳಿನಲ್ಲಿ ಒರಗಿಸಿದ್ದ ಚಂದ್ರಿಕೆಯ ಸುರುಳಿಗಳಲ್ಲಿ ಹುಳುಗಳು ಆಗಲೇ ಮೈಸುತ್ತ ತೆಳ್ಳಗೆ ಹಳದಿ ನೂಲು ಎಳೆದುಕೊಂಡಿದ್ದವು. ಗಂಗುಲಪ್ಪ ಬಗ್ಗಿ ನೋಡಿದ.

"ಅದೇನೇ ಇರ್ಲಿ. ನಾಳೆ ಗುಡಿ ಮುಂದೆ ನಿಂತು, ನಾನು ನಮ್ಮ ದೇವರ ಕಡೆಯೋಳು ಅಂತ ಪ್ರಮಾಣ ಮಾಡು. ಆ ಯಮ್ಮ ಇನ್ಮೇಲೆ ಈ ಊರಿಗೆ ಬರಂಗಿಲ್ಲ."

"ಬಿಟ್ಟು ಹೋದೋರು ಅಲ್ವೇನ್ಲಾ ವಾಪಸ್ ಬಂದೆ ಅಂತ ಪ್ರಮಾಣ ಮಾಡೋದು? ನಾಕು ಕಥೆ ಕೇಳಿ ಕಳಚಿ ಬೀಳೋ ಅಷ್ಟು ಸಡಿಲವಾಗಿ ಕಟ್ಟಿಲ್ಲ ನಮ್ಮತ್ತೆ ನನ್ನ."

ಸಮುವೇಲಪ್ಪ ಮೆಲ್ಲಗೆ ಕೇಳಿದ: "ಹಾಗಾದರೆ ನಮ್ಮ ಕಥೆ ಕೇಳಿದ್ದೇಕೆ? ಕಾಯಿಲೆಗೆ ಔಷಧಿ ನನ್ನ ಬಳಿ ಇದೆ ಎಂದು ನಂಬಿದವನು ಕೊಡದೆ ಸುಮ್ಮನಿರಬಹುದೇ? ತಮಗೆ ಮನಸ್ಸಿಲ್ಲವೆಂದರೆ ಎಸ್ತರಮ್ಮನನ್ನು ಬರುವ ವಾರದಿಂದ ಮಾಲೂರಿನ ಕಡೆಗೆ ಕಳಿಸುತ್ತೇನೆ."

ಅವನ ಮಾತಿನಲ್ಲಿ ಮೋಸವಿರಲಿಲ್ಲ. ಆವಲಮ್ಮನಿಗೂ ಅದು ತಿಳಿಯಿತು. ಆದರೆ ಒಬ್ಬ ಈ ಕಡೆಯಿಂದ, ಇನ್ನೊಬ್ಬ ಆ ಕಡೆಯಿಂದ ಏಳನೆಯ ಬಾಗಿಲಿಗೆ ಅಗುಳಿ ಹಾಕುತ್ತಿದ್ದರು. ಎಸ್ತರಮ್ಮನಂಥ ಕಿವಿ ಮತ್ತೆ ಸಿಗುವುದೆಲ್ಲಿ, ಇನ್ನೊಮ್ಮೆ ಮೊದಲಿನಿಂದ ಹೇಳುವಷ್ಟು ಆಯುಸ್ಸು ಉಳಿದಿರುವುದೆಲ್ಲಿ?

"ಔಷಧಿ ಕೇಳ್ದೋರಿಗೆ ಕೊಡಪ್ಪ, ಬೇಡ ಅಂದೋರು ಯಾರು? ಅದಕ್ಕೆ ನಿನ್ನ ಚರ್ಚದೆ, ಭಾನುವಾರ ಅದೆ. ಆದ್ರೆ ಮುಯ್ಯಿಗೆ ಬಂದೋನು ಸಾಯಂಕಾಲ ಈ ಹೊಲ ನಂದು ಅಂದ್ರೆ, ನಾಳೆಯಿಂದ ಯಾರ ಹೊಲಕ್ಕೆ ಯಾರು ಬರ್ತಾರೆ? ನಿಮ್ಮ ಕಥೇಲೇ ಆ ಅತ್ತೆ ಸೊಸೇನ ಹೋಗು ಅಂದ್ಲೇ ಹೊರ್ತು ಬಾ ಅನ್ಲಿಲ್ಲ. ಬಂದೋಳು ತಾನಾಗಿ ಬಂದ್ಲು. ಕಥೆ ಹೇಳೋಕೆ ಮೊದ್ಲು ನೀನೂ ಒಂದ್ಸಲ ಕೇಳು ಸ್ವಾಮಿ."

ಎಸ್ತರಮ್ಮ ಒಳಗಿನಿಂದ ಬಂದು ಅವಳ ಪಕ್ಕ ನಿಂತಳು. ಅವಳ ಕತ್ತು ನೆಟ್ಟಗಿತ್ತು. "ಐನೋರೆ, ದೊಡ್ಡಮ್ಮನ ಹೆಸರು ಹೊಡೆದುಹಾಕಿ. ಕಥೆ ಜೊತೆ ಅದನ್ನ ಬೆರೆಸಲ್ಲ ಅಂತ ಮಾತು ಕೊಟ್ಟಿದ್ದೀನಿ. ನಮ್ಮ ದೇವರ ಹೆಸರಲ್ಲಿ ಕೊಟ್ಟ ಮಾತು. ಕೆಲಸ ಹೋದ್ರೆ ಹೋಗ್ಲಿ."

ಆವಲಮ್ಮ ಅವಳನ್ನೊಮ್ಮೆ ನೋಡಿದಳು. ತನ್ನ ಹೊಟ್ಟೆಯಲ್ಲಿ ಹುಟ್ಟಿದವರ ಬಗ್ಗೆಯೂ ಅವಳು ಅಷ್ಟು ಬೀಗಿರಲಿಲ್ಲ. ಆಮೇಲೆ ಪಟೇಲನ ಕಡೆ ತಿರುಗಿದಳು. "ಗಂಗುಲ, ಈ ಊರ ಕಟ್ಟುಪಾಡು ಕಾಯೋನು ನೀನು. ಮುಯ್ಯಿ ತೀರಿಸ್ತಾ ಇರೋರನ್ನ ಅರ್ಧಕ್ಕೆ ಎಬ್ಬಿಸಿದೋನು ಇಲ್ಲೀತಂಕ ಯಾರಾದ್ರೂ ಅವ್ನಾ?"

ಗಂಗುಲಪ್ಪ ತಲೆ ಕೆರೆದುಕೊಂಡ. ಅಂಥವರು ಇರಲಿಲ್ಲ. ಅವನ ಅಪ್ಪ ತನ್ನ ಜಗಳದ ದಾಯಾದಿಯ ಹೊಲದಲ್ಲೂ ಮುಯ್ಯಿ ಮುಗಿಸಿಯೇ ಎದ್ದಿದ್ದ.

"ದೀಪ ಹಚ್ಚೋತಂಕ" ಎಂದ ಕೊನೆಗೆ. "ನಾನಿಲ್ಲೇ ಕೂತು ಕಾಯ್ತೀನಿ. ಆಮೇಲೆ ಮಾತು."

"ನಾನೂ ಕಾಯುತ್ತೇನೆ" ಎಂದ ಸಮುವೇಲಪ್ಪ. ಪುಸ್ತಕ ತೆರೆದು ಒಂದು ಸಾಲಿನ ಮೇಲೆ ಗೆರೆ ಎಳೆದು ಮಡಚಿಟ್ಟ.

ಜಗಲಿಯ ಆ ತುದಿಗೊಬ್ಬ, ಈ ತುದಿಗೊಬ್ಬ ಕೂತರು. ಒಳಗೆ ನಾಲ್ಕು ಕೈಗಳು ತಟ್ಟೆಯಿಂದ ಚಂದ್ರಿಕೆಗೆ ಹುಳು ದಾಟಿಸತೊಡಗಿದವು. ಆವಲಮ್ಮ ಏಳನೆಯ ಬಾಗಿಲನ್ನು ಬಡಿದಳು.

ಆ ಬಾಗಿಲಿಗೆ ಉದ್ದ ಗಡ್ಡದ ಕಾವಲುಗಾರನಿದ್ದ. ಈಟಿ ಅಡ್ಡ ಹಿಡಿದು, ಯಾರು ನೀನು, ಎಂದ. ತಂಗಿ ಹೆಸರು ಹೇಳಲಿಲ್ಲ. ದಾರಿ ನಡೆದು ಅವಳ ಅಂಗಾಲು ಬಿರಿದಿತ್ತು; ಕೂತುಕೊಂಡು ಮೊದಲನೆಯ ಬಾಗಿಲಿನಿಂದ ತನ್ನ ಕಷ್ಟವನ್ನೆಲ್ಲ ಹೇಳತೊಡಗಿದಳು. ಉಪ್ಪಿಲ್ಲದ ಅಂಬಲಿ ಕುಡಿದು ಅವ್ವ ಅತ್ತಿದ್ದು, ಅಣ್ಣ ಉಪ್ಪು ತರಲು ಹೊರಟಿದ್ದು...

"ಆಮೇಲೆ?" ಎಂದಳು ಎಸ್ತರಮ್ಮ.

"ಆಮೇಲೆ?" ಎಂದ ಜಗಲಿಯಿಂದ ಗಂಗುಲಪ್ಪ. ತಾನು ಕೇಳಿದ್ದು ತನಗೇ ತಿಳಿದು ಕೆಮ್ಮಿದ. ಉಪದೇಶಿ ನಗು ತಡೆಯಲು ಮುಖ ತಿರುಗಿಸಿದ, ಆದರೆ ಅವನೂ ಬಾಗಿಲ ಕಡೆಗೆ ಜರುಗಿ ಕೂತಿದ್ದ.

ಇಲ್ಲಿಂದ ಕಥೆ ತೆಲುಗಿಗೆ ಹೊರಳಿತು. ಆವಲಮ್ಮನ ದನಿ ಇಳಿಯಿತು, ಕೈ ಮಾತ್ರ ನಿಲ್ಲಲಿಲ್ಲ. ಅಂಬಲಿಯ ಮಾತು ಬಂದಾಗ ಕಾವಲುಗಾರನ ಈಟಿ ಅಲುಗಿತು. ಅವ್ವ ಇವತ್ತಿಗೂ ಎರಡು ಬಟ್ಟಲು ಅಂಬಲಿ ಬಡಿಸುತ್ತಾಳೆ, ತನ್ನದನ್ನು ಮಾತ್ರ ತೊಳೆಯುತ್ತಾಳೆ, ಅಣ್ಣನದು ತುಂಬಿದಂತೆಯೇ ಉಳಿಯುತ್ತದೆ ಎಂದಾಗ ಅವನು ಕೂತುಬಿಟ್ಟ. ಏಳು ಬಾಗಿಲಾಚೆ ಅಣ್ಣ ಸೆರೆಯಲ್ಲಿರಲಿಲ್ಲ. ಬಾಗಿಲು ಕಾಯುತ್ತ ಕಾಯುತ್ತ, ಯಾತಕ್ಕೆ ಬಂದೆನೆಂಬುದನ್ನೇ ಮರೆತಿದ್ದ ಆ ಕಾವಲುಗಾರನೇ ಅಣ್ಣ. ತಂಗಿ ಅವನ ಕೈಯಿಂದ ಈಟಿ ತೆಗೆದು ಪಕ್ಕಕ್ಕಿಟ್ಟು, "ಎದ್ದೇಳಣ್ಣ, ಉಪ್ಪು ಎಲ್ಲಿ?" ಎಂದಳು.

ಎಸ್ತರಮ್ಮ ಕೊನೆಯ ತಟ್ಟೆಯ ಕೊನೆಯ ಹುಳುವನ್ನು ಚಂದ್ರಿಕೆಗೆ ಬಿಟ್ಟಳು. ದೀಪ ಹಚ್ಚುವ ಹೊತ್ತು ದಾಟಿತ್ತು, ಜಗಲಿಯ ಮೇಲಿದ್ದ ಇಬ್ಬರೂ ಅದನ್ನು ಮರೆತು ಬಾಗಿಲ ಕಡೆಗೇ ಬಗ್ಗಿ ಕೂತಿದ್ದರು.

"ಉಪ್ಪು ಬಂತು, ಅಂಬಲಿಗೆ ಬಿತ್ತು, ಅವ್ವ ಕುಡಿದ್ಲು. ಅತ್ತೆ ಕೊಟ್ಟಿದ್ದನ್ನ ನಾನು ನಿಂಗೆ ಕೊಟ್ಟೆ, ಎಸ್ತರಮ್ಮ" ಎಂದಳು ಆವಲಮ್ಮ. "ಪೂರ್ತಿ ಕೊಟ್ಟೆ."