ಎಲ್ಲರೂ ಸ್ವೆಟರ್ ಹಾಕಿಕೊಂಡೇ ಬರಬೇಕು

ಗುರುವಾರ ಸಂಜೆ ಶಮಾಲ್ ಗಾಳಿ ಎದ್ದಿತು. ಉತ್ತರದಿಂದ ಈ ಗಾಳಿ ಬೀಸಿತೆಂದರೆ ದೋಹಾದ ಜನ ಕಿಟಕಿ ಮುಚ್ಚಿಕೊಳ್ಳುತ್ತಾರೆ. ನಾನು ತೆರೆದೆ. ಕೈ ಹೊರಗೆ ಚಾಚಿದೆ. ಮೈ ಜುಮ್ಮೆಂದಿತು. ಚಳಿ! ನಿಜವಾದ ಚಳಿ! ಕುಣಿದುಬಿಡೋಣ ಎನಿಸಿತು.

"ರೀ, ಎಲ್ಲಾರಿಗೂ ಫೋನ್ ಮಾಡ್ರಿ. ನಾಳೆ ಪಿಕ್‌ನಿಕ್, ಉಮ್ ಸಯೀದ್ ಕಡೆ ಮರಳಿನ ದಿಬ್ಬಕ್ಕ. ಎಲ್ಲಾರೂ ನಾ ಹೆಣೆದ ಸ್ವೆಟರ್ ಹಾಕ್ಕೊಂಡೇ ಬರಬೇಕು, ಹೇಳ್ರಿ."

ನನ್ನ ಯಜಮಾನರು ಸೋಮನಾಥ ಪೇಪರ್ ಕೆಳಗಿಟ್ಟರು. "ನಾಳೇನ? ಮುಂದಿನ ಶುಕ್ರವಾರ ಹೋದ್ರ ಆಗೂದಿಲ್ಲೇನು?"

"ಮುಂದಿನ ಶುಕ್ರವಾರ ಬಾ ಅಂದ್ರ ಬರಾಕ ಚಳಿ ಏನು ನಿಮ್ಮ ಆಫೀಸಿನ ಪ್ಯೂನ್ ಏನ್ರಿ?"

ಅವರಿಗೇನು ಗೊತ್ತು ನನ್ನ ಉರಿ! ನನ್ನ ಅವ್ವ ಪಾರವ್ವ ರಾಣೆಬೆನ್ನೂರಿನಲ್ಲಿ ಹೊಲಿಗೆ ಮತ್ತು ಹೆಣಿಗೆಯ ಕ್ಲಾಸು ನಡೆಸುತ್ತಾಳೆ. ಅರ್ಧ ಊರು ಅವಳ ಶಿಷ್ಯರು, ನಾನೊಬ್ಬಳು ಬಿಟ್ಟಿ ಶಿಷ್ಯೆ. ನಾನು ಹೆಣೆದದ್ದನ್ನು ಅವಳು ಒಮ್ಮೆಯೂ ಚೆನ್ನಾಗಿದೆ ಎಂದವಳಲ್ಲ. ಬೈದವಳೂ ಅಲ್ಲ. ಬೆಳಕಿಗೆ ಹಿಡಿದು ನೋಡುತ್ತಿದ್ದಳು, ಎಲ್ಲೋ ಒಂದು ಕುಣಿಕೆ ಸಡಿಲ ಕಂಡರೆ ಸಾಕು, ದಾರದ ತುದಿ ಹಿಡಿದು ಸರ್ರನೆ ಬುಡದವರೆಗೂ ಬಿಚ್ಚಿ ಉಂಡೆ ಸುತ್ತಿ ನನ್ನ ಮಡಿಲಿಗೆ ಹಾಕುತ್ತಿದ್ದಳು. ಮದುವೆಯಾಗಿ ಇಲ್ಲಿಗೆ ಹೊರಟಾಗ ನನ್ನ ಪೆಟ್ಟಿಗೆಯಲ್ಲಿ ಹೆಣಿಗೆಯ ಕಡ್ಡಿಗಳನ್ನು ಕಂಡು ನಕ್ಕುಬಿಟ್ಟಳು. "ಮರಳುಗಾಡಿನ್ಯಾಗ ಯಾರು ಹಾಕ್ಕೋತಾರ ನಿನ್ನ ಸ್ವೆಟರ್? ಒಂಟೀನ?"

ಆ ಮಾತು ಮುಳ್ಳಿನಂತೆ ನೆಟ್ಟುಕೊಂಡಿತ್ತು. ಸೂಕ್ ವಾಕಿಫ್ ಪೇಟೆಯ ಅಂಗಡಿಯಲ್ಲಿ ಉಣ್ಣೆ ತಂದು ತಂದು ಹೆಣೆದೆ. ಮೇಲಿನ ಮನೆಯ ನಜ್ಮಾಳಿಗೆ ನವಿಲು ಬಣ್ಣದ್ದು, ಅವಳ ಗಂಡ ಮೊಯ್ದಿನ್ ಕುಂಞಿಯವರಿಗೆ ಕಂದು. ಎದುರು ಮನೆಯ ಉರ್ಸುಲಾಬಾಯಿಗೆ ಕೆಂಪು, ಅದರ ಮೇಲೆ ಜಡೆಯ ಡಿಸೈನು. ನಮ್ಮವರಿಗೆ ಬೂದು ಬಣ್ಣದ್ದು. ಎಲ್ಲರೂ ಹೊಗಳಿ ಇಸಿದುಕೊಂಡರು, ಯಾರೂ ಹಾಕಲಿಲ್ಲ. ಸೆಕೆಯಲ್ಲಿ ಹೇಗೆ ಹಾಕುತ್ತಾರೆ ಎಂದು ನಾನೂ ಸುಮ್ಮನಿದ್ದೆ. ಈಗ ಚಳಿ ಬಂದಿದೆ. ಎಲ್ಲರನ್ನೂ ಮರಳಿನ ಮೇಲೆ ಸಾಲಾಗಿ ನಿಲ್ಲಿಸಿ ಒಂದು ಫೋಟೋ ತೆಗೆಸಿ ಅವ್ವನಿಗೆ ಕಳಿಸಬೇಕು. ಅದನ್ನು ನೋಡಿ ಅವಳು ಒಂದು ಒಳ್ಳೆಯ ಮಾತು ಆಡಬೇಕು. ನನಗೆ ಬೇಕಾದದ್ದು ಅಷ್ಟೇ.

ಶುಕ್ರವಾರ ನಾವೇ ಮೊದಲು ಹೋಗಿ ಚಾಪೆ ಹಾಸಿದೆವು. ಕ್ಯಾಮೆರಾಕ್ಕೆ ಹೊಸ ರೀಲು ಹಾಕಿಸಿದ್ದೆ. ಗಾಳಿ ಹಲ್ಲು ಕಟಕಟಿಸುವ ಹಾಗಿತ್ತು, ನನಗೋ ಖುಷಿಯಲ್ಲಿ ಬೆವರುವುದೊಂದು ಬಾಕಿ. ಮೊಯ್ದಿನ್ ಕುಂಞಿಯವರ ಗಾಡಿ ಬಂದು ನಿಂತಿತು. ನಜ್ಮಾ ಇಳಿದಳು, ಹಾಸಿಗೆಯ ಚಾದರ ಹೊದ್ದುಕೊಂಡು. ಹಿಂದೆ ಉರ್ಸುಲಾಬಾಯಿ, ಗಂಡನ ಆಫೀಸಿನ ಕೋಟು ತೊಟ್ಟುಕೊಂಡು. ಕುಂಞಿಯವರು ಇಳಿಯಲೇ ಇಲ್ಲ.

"ಸ್ವೆಟರ್ ಎಲ್ಲಿ?" ಎಂದೆ.

"ಒಗೆದು ಹಾಕಿದ್ದೆ ಅಕ್ಕ, ಒಣಗಲಿಲ್ಲ" ಎಂದಳು ನಜ್ಮಾ.

ದೋಹಾದಲ್ಲಿ ಬಟ್ಟೆ ಒಣಗಲಿಲ್ಲವಂತೆ! ನನ್ನ ಪಿತ್ತ ನೆತ್ತಿಗೇರಿತು. "ಬ್ಯಾಡಾಗಿದ್ರ ಅವತ್ತೇ ಬ್ಯಾಡ ಅನ್ನಬೇಕಿತ್ತು! ನೆಲಾ ಒರಸಾಕ ಇಟ್ಕೊಂಡೀರೇನು?"

ನಜ್ಮಾಳ ಕಣ್ಣು ತುಂಬಿತು. "ಇದ್ದದ್ದು ಹೇಳ್ತೇನೆ ಅಕ್ಕ. ಅದನ್ನು ಊರಿಗೆ, ನನ್ನ ಉಮ್ಮನಿಗೆ ಕಳಿಸಿದೆ. ಇವರದ್ದು ಇವರ ಅಣ್ಣನಿಗೆ."

"ಉಳ್ಳಾಲದಾಗ ಚಳಿ ಎಲ್ಲೈತಿ?"

"ಚಳಿ ಎಂತದ್ದೂ ಇಲ್ಲ. ಉಮ್ಮ ಫ್ಯಾನ್ ಜೋರು ಮಾಡಿ, ಅದರ ಅಡಿಯಲ್ಲಿ ಕೂತು ಹಾಕ್ತಾರಂತೆ."

"ನನ್ನದು ಊರಿಗೆ, ಅತ್ತೆಗೆ ಹೋಯ್ತು" ಎಂದರು ಉರ್ಸುಲಾಬಾಯಿ ಮೆಲ್ಲಗೆ. "ಅದನ್ನು ಹಾಕಿ ಇಗರ್ಜಿಯ ಪೂಜೆಗೆ ಹೋಗುವುದಂತೆ. ಕೋಪ ಮಾಡ್ಬೇಡಿ ಆಯ್ತಾ? ಒಳ್ಳೆದಿದ್ದದ್ದನ್ನು ಇಲ್ಲಿ ಇಟ್ಟುಕೊಳ್ಳಲಿಕ್ಕೆ ಮನಸ್ಸೇ ಬರುವುದಿಲ್ಲ."

ಬಾಯಿಗೆ ಬಂದ ಬೈಗುಳ ಅಲ್ಲೇ ನಿಂತಿತು. ನಮ್ಮ ಮನೆಯಲ್ಲೂ ಹೊಸ ಚಹಾ ಸೆಟ್ಟು ಪೆಟ್ಟಿಗೆ ಸಹಿತ ಮಂಚದ ಕೆಳಗಿದೆ, ಊರಿನಲ್ಲಿರುವ ನಾದಿನಿಗೆಂದು. ನಾವು ಕುಡಿಯುವುದು ಕಿವಿ ಮುರಿದ ಕಪ್ಪಿನಲ್ಲಿ. ಗಲ್ಫಿನಲ್ಲಿ ಇರುವ ನಾವೆಲ್ಲ ಒಂದೇ ಜಾತಿ. ಫ್ಯಾನಿನ ಕೆಳಗೆ ಸ್ವೆಟರ್ ಹಾಕಿ ಕುಳಿತ ಆ ಉಮ್ಮನನ್ನು ನೆನೆದು ನಗು ಉಕ್ಕಿತು. ನಜ್ಮಾಳನ್ನು ಚಾದರದ ಸಮೇತ ಅಪ್ಪಿಕೊಂಡೆ.

"ಇರಲಿ. ಒಂದಾದ್ರೂ ಸ್ವೆಟರ್ ಫೋಟೋದಾಗ ಬರಲಿ. ಬರ್ರಿ ಇಲ್ಲೆ!" ಎಂದು ನಮ್ಮವರನ್ನು ಕರೆದೆ. ಬೆಳಗಿನಿಂದ ಜಾಕೆಟ್ಟಿನ ಜಿಪ್ಪು ಗದ್ದದ ತನಕ ಎಳೆದುಕೊಂಡಿದ್ದರು. ಹಿಂದೆ ಹಿಂದೆ ಸರಿದರು. ಹಿಡಿದು ಜಿಪ್ಪು ಎಳೆದೆ. ಒಳಗೆ ಬರೀ ಅಂಗಿ.

"ನೀವೂನಾ! ಯಾರಿಗೆ ಕೊಟ್ರಿ? ನಿಮ್ಮ ತಮ್ಮಗ?"

"ನಿಮ್ಮವ್ವಗ."

ಊರಿಗೆಲ್ಲ ಹೆಣೆದುಕೊಟ್ಟ ನಾನು ಅವ್ವನಿಗೆ ಮಾತ್ರ ಒಂದನ್ನೂ ಕಳಿಸಿರಲಿಲ್ಲ. ಅಷ್ಟು ಧೈರ್ಯ ಯಾವತ್ತೂ ಬಂದಿರಲಿಲ್ಲ.

"ದೀಪಾವಳಿಗೆ ನಮ್ಮ ಆಫೀಸಿನ ನೀಲಕಂಠಪ್ಪ ರಜಾ ಮ್ಯಾಲೆ ಊರಿಗೆ ಹೊಂಟಿದ್ದನಲ್ಲ, ಅವನ ಕೈಯಾಗ ಕಳಿಸಿದೆ" ಎಂದರು. "ಮೊನ್ನೆ ವಾಪಸ್ ಬಂದಾನ. ನಿನಗ ಹೇಳಬ್ಯಾಡ, ಜಂಬ ಬರ್ತೈತಿ ಅಂದಾರಂತ ನಿಮ್ಮವ್ವ."

"ಬಿಚ್ಚಿ ಉಂಡಿ ಮಾಡಿದ್ಲೇನ್ರಿ?" ಅವರ ಜಾಕೆಟ್ ಹಿಡಿದುಕೊಂಡೇ ಕೇಳಿದೆ.

"ಗಂಡಸರ ಅಳತಿ ಅಲ್ಲಾ, ತೋಳು ಉದ್ದ ಆಗ್ಯಾವಂತ. ಮಡಚಿ ಮಡಚಿ ಹಾಕ್ಕೊಂಡಿದ್ರಂತ. ಕ್ಲಾಸಿನ ಹುಡುಗಿಯೊಬ್ಬಾಕಿ, ಬಿಚ್ಚಿ ಸಣ್ಣದು ಮಾಡಿಕೊಡ್ಲೇನ್ರಿ ಅಂತ ದಾರಕ್ಕ ಕೈ ಹಾಕಿದ್ಲಂತ. ಆಕಿ ಕೈ ಮ್ಯಾಲೆ ಪಟ್ಟನ ಹೊಡದು, 'ಮುಟ್ಟಬ್ಯಾಡ, ನನ್ನ ಮಗಳು ಹೆಣೆದದ್ದು' ಅಂದ್ರಂತ."

ನಾನು ಕಿರುಚಿದೆನೋ, ಅತ್ತೆನೋ, ಗೊತ್ತಿಲ್ಲ. ಅಷ್ಟರಲ್ಲಿ ಚಾಪೆಯ ಮೇಲೆ ಕೂತಿದ್ದ ನಜ್ಮಾ, ಉರ್ಸುಲಾಬಾಯಿ ಗಾಬರಿಯಾಗಿ ಎದ್ದು ನಿಂತರು. ಕುಂಞಿಯವರೂ ಗಾಡಿಯಿಂದ ಧುಮುಕಿದರು. "ಎಂತಾಯ್ತು ಅಕ್ಕ?" ಎಂದು ನಜ್ಮಾ ಚಾದರ ಎಳೆದುಕೊಂಡು ಓಡಿ ಬಂದಳು.

"ಬಿಚ್ಚಲಿಲ್ಲ!" ಎಂದೆ ಅವಳ ಎರಡೂ ಭುಜ ಹಿಡಿದು ಅಲುಗಾಡಿಸುತ್ತ. "ನಜ್ಮಾ, ನಮ್ಮವ್ವ ಬಿಚ್ಚಲಿಲ್ಲ!"